ಕಾರವಾರದ ಬಂದರವೂ ಅಮೆರಿಕದ ಅಂತರ್ಯುದ್ಧವೂ

‘ಗಾಳಿ ಬಂದಾಗ ತೂರಿಕೊಳ್ಳಬೇಕು’ ಎಂಬುದು ನಮ್ಮ ಹಿರಿಯರ ಮಾತು. ಮಾತು ಸತ್ಯವಾದುದೇ. ಆದರೆ ತೂರುವುದಕ್ಕೆ ಮೊದಲು ಕಣದಲ್ಲಿ ರಾಶಿಯಿರಬೇಕು. ಬೀಸುವ ಗಾಳಿಯು ನಮ್ಮ ಮನೆಯ ಆಳಲ್ಲವೆಂಬ ಅರಿವೂ ಇರಬೇಕು. ಇವೆರಡನ್ನೂ ಮರೆತು ಕೆಟ್ಟವರ ಕಥೆಗಳು ಇತಿಹಾಸದಲ್ಲಿ ಬೇಕಾದಷ್ಟಿವೆ. ಅವುಗಳಲ್ಲೊಂದು ನಮ್ಮ ಕಾರವಾರದ ಕಡಲಂಚಿನಲ್ಲಿಯೇ ನಡೆದುದು. ಅದನ್ನು ಬಲ್ಲವರು ಇಂದು ವಿರಳರಾಗಿರುವುದರಿಂದ ಇಲ್ಲಿ ಅದನ್ನು ವಾಚಕರ ಮುಂದಿಡಲು ಯತ್ನಿಸುವೆನು.

ಕಾರವಾರವು ವ್ಯಾಪಾರಕ್ಕೆ ಹೊಸದಲ್ಲ. ಕೋರ್ಟೀನನ ಸಂಘಕ್ಕೆ ಸೇರಿದ ಆಂಗ್ಲ ವರ್ತಕರು ೧೬೩೮ರಲ್ಲಿಯೇ ಇಲ್ಲಿ ತಮ್ಮ ಕೋಠಿಯನ್ನು ತೆರೆದರು. ಘಟ್ಟದ ಮೆಣಸೂ ಹುಬ್ಬಳ್ಳಿಯ ಕಡೆಯ ನೇಕಾರರ ನಯವಾದ ಬಟ್ಟೆಯೂ ಇಲ್ಲಿಂದ ಹಡಗು ಏರುತ್ತಿದ್ದವು. ೧೬೬೫ರಲ್ಲಿ ಶಿವಾಜಿ ಮಹಾರಾಜರು ಈ ಊರಿನ ಮೇಲೆ ಕಪ್ಪವನ್ನು ಹೊರಿಸಿದಾಗ ಆಂಗ್ಲರ ಪಾಲಿಗೆ ಬಂದುದು ೧೧೨ ಪೌಂಡು. ಆ ಕಾಲದ ವ್ಯಾಪಾರವು ಏಳುತ್ತ ಬೀಳುತ್ತ ನಡೆಯಿತಾದರೂ ಅದರ ಬೇರು ಈ ನಾಡಿನ ನೆಲದಲ್ಲಿಯೂ ಮಗ್ಗದಲ್ಲಿಯೂ ಇದ್ದಿತು. ಮುಂದೆ ಸೋದೆಯ ಅರಸರು, ಪೋರ್ತುಗೀಜರು, ಹೈದರಾಲಿ ಇವರೆಲ್ಲರ ಕೈಗೆ ಸಿಕ್ಕಿ ನಲುಗಿದ ಈ ತೀರವು ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಬೆಸ್ತರ ಹಳ್ಳಿಯಂತೆ ಶಾಂತವಾಗಿತ್ತು.

ಹೀಗಿರಲು ೧೮೬೧ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧವು ಹೊತ್ತಿಕೊಂಡಿತು. ಲಂಕಾಶೈರದ ಗಿರಣಿಗಳು ಬಹುಪಾಲು ಅಮೆರಿಕದ ದಕ್ಷಿಣ ಸಂಸ್ಥಾನಗಳ ಹತ್ತಿಯನ್ನೇ ನಂಬಿದ್ದವು. ಉತ್ತರದವರ ನೌಕಾಪಡೆಯು ದಕ್ಷಿಣದ ಬಂದರಗಳಿಗೆ ಮುತ್ತಿಗೆ ಹಾಕಿತು. ಇಂಗ್ಲಂಡಿನಲ್ಲಿ ಹತ್ತಿಯ ಬರಗಾಲವುಂಟಾಯಿತು. ಆಗ ಆಂಗ್ಲ ಗಿರಣಿಕಾರರ ದೃಷ್ಟಿಯು ಧಾರವಾಡದ ಎರೆ ಭೂಮಿಯ ಮೇಲೆ ಬಿದ್ದಿತು. ಆ ಭೂಮಿಯ ಹತ್ತಿಯಲ್ಲಿ ಬಹುಭಾಗವು ಘಟ್ಟವಿಳಿದು ಕುಮಟೆಯ ಬಂದರದಿಂದ ಹೋಗುತ್ತಿತ್ತು. ಅದಕ್ಕಾಗಿಯೇ ಧಾರವಾಡದ ನಾಡಹತ್ತಿಗೆ ಪೇಟೆಯಲ್ಲಿ ‘ಕುಮಟಾ’ ಎಂಬ ಹೆಸರು ನಿಂತಿತು. ಬೆಳೆದ ನೆಲದ ಹೆಸರು ಮರೆತು, ಸಾಗಿಸಿದ ದಂಡೆಯ ಹೆಸರು ಉಳಿದುದು ಆ ಕಾಲದ ವಾಣಿಜ್ಯದ ರೀತಿಯನ್ನು ಚೆನ್ನಾಗಿ ತೋರಿಸುತ್ತದೆ. ಆದರೆ ಕುಮಟೆಯಲ್ಲಿ ಮಳೆಗಾಲದ ಅಲೆಗಳಿಗೆ ಅಡ್ಡವಿಲ್ಲ. ಕಾರವಾರದ ಕೊಲ್ಲಿಗಾದರೋ ಗುಡ್ಡಗಳೂ ದ್ವೀಪಗಳೂ ಕಾವಲಾಗಿವೆ. ಇಲ್ಲಿಯೇ ಹತ್ತಿಯ ಮಹಾದ್ವಾರವನ್ನು ತೆರೆಯಬೇಕೆಂದು ನಿಶ್ಚಯವಾಯಿತು.

ಈ ನಿಶ್ಚಯದ ಬಲವನ್ನು ನೋಡಿರಿ. ಕನ್ನಡ ಜಿಲ್ಲೆಯು ಅಂದು ಮದ್ರಾಸು ಇಲಾಖೆಯಲ್ಲಿತ್ತು; ಹತ್ತಿಯ ವ್ಯಾಪಾರಸ್ಥರು ಮುಂಬಯಿಯಲ್ಲಿದ್ದರು. ೧೮೬೨ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬೇರ್ಪಡಿಸಿ ಮುಂಬಯಿ ಇಲಾಖೆಗೆ ಸೇರಿಸಲಾಯಿತು. ಬೆಸ್ತರ ಹಳ್ಳಿಯು ಜಿಲ್ಲೆಯ ಮುಖ್ಯ ಪಟ್ಟಣವಾಯಿತು. ಕೈಗಾ ಘಟ್ಟವನ್ನು ಕಡಿದು ಧಾರವಾಡದತ್ತ ದಾರಿ ಮಾಡುವ ಕೆಲಸವು ನಡೆಯಿತು. ೧೮೬೪ರಲ್ಲಿ ದೇವಗಡ ದ್ವೀಪದ ಮೇಲೆ ದೀಪಸ್ತಂಭವು ಬೆಳಗಿತು. ಮ್ಯಾಂಚೆಸ್ಟರಿನವರು ಕಟ್ಟಿದ ಹತ್ತಿಯ ಕಂಪನಿಯೊಂದು ಸದಾಶಿವಗಡಕ್ಕೆ ಯಂತ್ರಗಳನ್ನು ಕಳಿಸಿತು. ಯಂತ್ರಗಳು ಬಂದವು, ಆದರೆ ಅವನ್ನು ಘಟ್ಟಕ್ಕೆ ಏರಿಸಲು ದಾರಿಯು ಸಿದ್ಧವಾಗಿರಲಿಲ್ಲ. ಕಂಪನಿಯು ಸರಕಾರವನ್ನು ದೂರಿತು. ಇಷ್ಟರಲ್ಲಿ ಕಾಲವು ಯಾರನ್ನೂ ಕಾಯದೆ ಮುಂದೆ ಸಾಗಿತ್ತು.

೧೮೬೫ರ ಏಪ್ರಿಲಿನಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾಗತನಾದನು. ಆ ವಾರ್ತೆಯೊಡನೆ ಹತ್ತಿಯ ಬೆಲೆಯು ಕುಸಿಯಿತು. ಮುಂಬಯಿಯಲ್ಲಿ ಕಡಲನ್ನು ಹೂಳಿ ನೆಲ ಮಾಡುವ ಕಂಪನಿಯ ೫,೦೦೦ ರೂಪಾಯಿಯ ಪಾಲುಗಳಿಗೆ ಹತ್ತುಪಟ್ಟಿನಷ್ಟು ಬೆಲೆ ತೆತ್ತು ಕೊಂಡವರು ಬೀದಿಗೆ ಬಂದರು. ಸರಕಾರದ ಬೆಂಬಲವಿದ್ದ ಮುಂಬಯಿ ಬ್ಯಾಂಕೇ ಮುರಿದು ೧೮೬೮ರಲ್ಲಿ ಮುಚ್ಚಿತು.

ಮೋಸಹೋದವರು ನಮ್ಮವರಷ್ಟೇ ಅಲ್ಲ. ಅಮೆರಿಕದ ದಕ್ಷಿಣದವರು, ತಮ್ಮ ಹತ್ತಿಯಿಲ್ಲದೆ ಇಂಗ್ಲಂಡು ಬಾಳಲಾರದು, ಆದುದರಿಂದ ಅದು ತಮ್ಮ ಪಕ್ಷವನ್ನು ವಹಿಸಿಯೇ ತೀರುವುದೆಂದು ನಂಬಿ, ಮೊದಲ ವರ್ಷದಲ್ಲಿ ತಾವಾಗಿಯೇ ಹತ್ತಿಯನ್ನು ತಡೆಹಿಡಿದರು. ಇಂಗ್ಲಂಡು ಈಜಿಪ್ತದಿಂದಲೂ ಹಿಂದುಸ್ಥಾನದಿಂದಲೂ ಹತ್ತಿ ತರಿಸಿಕೊಂಡು ಸುಮ್ಮನೆ ನೋಡುತ್ತ ಕುಳಿತಿತು. ಈಜಿಪ್ತದ ಪ್ರಭುವಾದ ಇಸ್ಮಾಯಿಲನು ಹತ್ತಿಯ ಹೊನ್ನು ಎಂದೆಂದಿಗೂ ಸುರಿಯುವುದೆಂದು ಭಾವಿಸಿ ಹಾಸಿಗೆಯನ್ನು ಮೀರಿ ಕಾಲು ಚಾಚಿದನು. ಸಾಲವು ಬೆಟ್ಟವಾಯಿತು. ೧೮೭೫ರಲ್ಲಿ ಸುಯೆಜ್ ಕಾಲುವೆಯ ತನ್ನ ಪಾಲುಗಳನ್ನು ಆಂಗ್ಲರಿಗೆ ಮಾರಿದನು. ೧೮೮೨ರಲ್ಲಿ ಆಂಗ್ಲ ಸೈನ್ಯವು ಆ ದೇಶವನ್ನೇ ವಶಪಡಿಸಿಕೊಂಡಿತು. ಯುದ್ಧದಿಂದ ನಾಲ್ಕು ವರ್ಷ ಏರಿದ ಬೆಲೆಯನ್ನು ಶಾಶ್ವತವಾದ ಐಶ್ವರ್ಯವೆಂದು ಎಣಿಸಿದುದೇ ಇವರೆಲ್ಲರ ಸಮಾನ ದೋಷವು.

ಕಾರವಾರದ ಆಸೆಯು ಒಮ್ಮೆಗೇ ಸಾಯಲಿಲ್ಲ. ಹುಬ್ಬಳ್ಳಿಯಿಂದ ಇಲ್ಲಿಗೆ ರೈಲುದಾರಿ ಬರುವುದೆಂದು ಜನರು ಹಾದಿ ಕಾಯ್ದರು. ಆದರೆ ೧೮೭೮ರಲ್ಲಿ ಆಂಗ್ಲರಿಗೂ ಪೋರ್ತುಗೀಜರಿಗೂ ಕರಾರು ಆಯಿತು. ಅದರ ಫಲವಾಗಿ ರೈಲು ಗೋವೆಯ ಮುರಗಾಂವಿಗೆ ಹೋಯಿತು. ೧೮೮೮ರ ಹೊತ್ತಿಗೆ ಆ ದಾರಿಯು ಪೂರ್ಣವಾಗಿ, ಘಟ್ಟದ ಮೇಲಿನ ಸರಕು ಅತ್ತ ಹರಿಯಿತು. ಕಾರವಾರಕ್ಕಾಗಿ ಒಂದು ಜಿಲ್ಲೆಯನ್ನೇ ಇಲಾಖೆಯಿಂದ ಇಲಾಖೆಗೆ ದಾಟಿಸಿದ ಸರಕಾರವು, ತನ್ನ ರಾಜಕಾರಣಕ್ಕೆ ಅನುಕೂಲವೆಂದು ಕಂಡೊಡನೆ ಕಾರವಾರವನ್ನು ಕೈಬಿಟ್ಟಿತು. ಕಾರವಾರಕ್ಕೆ ರೈಲು ಬಂದುದು ಕೊಂಕಣ ರೈಲಿನ ರೂಪದಲ್ಲಿ ೧೯೯೦ರ ದಶಕದಲ್ಲಿ. ಹುಬ್ಬಳ್ಳಿ-ಅಂಕೋಲೆಯ ದಾರಿಯು ಇಂದಿಗೂ ಮುಗಿದಿಲ್ಲ.

ಇಲ್ಲಿ ಇನ್ನೊಂದು ಸಂಗತಿಯು ಮನನೀಯವಾಗಿದೆ. ಹತ್ತಿಯ ಭರವು ನಾಲ್ಕು ವರ್ಷಗಳಲ್ಲಿ ಇಳಿದುಹೋಯಿತು. ಹತ್ತಿಗಾಗಿ ಎಳೆದ ಗೆರೆಯು ೯೪ ವರ್ಷ ನಿಂತಿತು. ಒಂದೇ ಕನ್ನಡ ಜಿಲ್ಲೆಯಾಗಿದ್ದ ಮಂಗಳೂರೂ ಕಾರವಾರವೂ ಬೇರೆ ಬೇರೆ ಇಲಾಖೆಗಳ ಕಾಯಿದೆ, ಶಾಲೆ, ಕಂದಾಯಗಳಿಗೆ ಒಳಪಟ್ಟು, ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮಾತ್ರ ಮರಳಿ ಒಂದೇ ರಾಜ್ಯದೊಳಗೆ ಬಂದವು. ಧಾರವಾಡದ ಸಹವಾಸದಿಂದ ನಮಗೆ ವಿದ್ಯೆಯಲ್ಲಿಯೂ ಸಾಹಿತ್ಯದಲ್ಲಿಯೂ ಲಾಭವಾಯಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಅದು ಯಾರೂ ಯೋಚಿಸದೆ ಬಂದ ಫಲ. ಪೇಟೆಯ ಆತುರಕ್ಕಾಗಿ ವ್ಯವಸ್ಥೆಯನ್ನು ಕದಲಿಸುವವರು, ಪೇಟೆಯು ಇಳಿದ ಮೇಲೆಯೂ ಆ ಬದಲಾವಣೆಯೊಡನೆ ಬಾಳಬೇಕಾದವರು ಯಾರೆಂಬುದನ್ನು ಮೊದಲೇ ವಿಚಾರಿಸಬೇಕು.

ಇದು ಹಳೆಯ ಕಥೆಯೆಂದು ಯಾರಾದರೂ ನುಡಿದರೆ ಅವರು ಅಂಕೋಲೆಯ ಬೇಲೇಕೇರಿಯನ್ನು ನೆನೆಯಲಿ. ೨೦೦೮ರ ಒಲಿಂಪಿಕ್ ಕ್ರೀಡೆಗಳಿಗೆ ಅಣಿಯಾಗುತ್ತಿದ್ದ ಚೀನಾ ದೇಶಕ್ಕೆ ಉಕ್ಕು ಬೇಕಾಗಿತ್ತು. ಬಳ್ಳಾರಿಯ ಕಬ್ಬಿಣದ ಅದಿರಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಅರಬೈಲು ಘಟ್ಟದಲ್ಲಿ ಲಾರಿಗಳ ಸಾಲು ಕಡಿಯಲಿಲ್ಲ. ದಾರಿಯ ಬದಿಯ ಮರಗಳ ಎಲೆಗಳೂ ಕೆಂಧೂಳಿನಿಂದ ಬಣ್ಣಗೆಟ್ಟವು. ೨೦೧೦ರಲ್ಲಿ ಬೇಲೇಕೇರಿಯಲ್ಲಿ ಮುಟ್ಟುಗೋಲು ಹಾಕಿದ್ದ ಲಕ್ಷಾಂತರ ಟನ್ನು ಅದಿರು ಮಾಯವಾದುದು ಬಯಲಾಯಿತು. ಅದೇ ಜುಲೈಯಲ್ಲಿ ರಾಜ್ಯ ಸರಕಾರವು ಹತ್ತು ಬಂದರಗಳಿಂದ ಅದಿರಿನ ರಫ್ತನ್ನು ನಿಲ್ಲಿಸಿತು. ೨೦೧೧ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನೇ ತಡೆಯಿತು. ಸಾಲ ಮಾಡಿ ಲಾರಿ ಕೊಂಡಿದ್ದವರ ಪಾಲಿಗೆ ಸಾಲ ಮಾತ್ರ ಉಳಿಯಿತು. ಹತ್ತಿಯ ಸ್ಥಾನದಲ್ಲಿ ಅದಿರು, ಮ್ಯಾಂಚೆಸ್ಟರಿನ ಸ್ಥಾನದಲ್ಲಿ ಚೀನಾ, ಆಟವು ಅದೇ.

ಈಗ ಅಂಕೋಲೆಯ ಕೇಣಿಯಲ್ಲಿ ಹೊಸ ಬಂದರವನ್ನು ಕಟ್ಟುವ ಯೋಜನೆಯು ಎದ್ದಿದೆ. ಅಲ್ಲಿಯ ಮೀನುಗಾರರು ಅದನ್ನು ವಿರೋಧಿಸಿದ್ದಾರೆ. ಬಂದರವೇ ಬೇಡವೆಂದು ನಾನು ವಾದಿಸುವವನಲ್ಲ. ಕಡಲಿಗೆ ಬೆನ್ನು ತಿರುಗಿಸಿ ಕುಳಿತ ನಾಡು ಏಳಿಗೆ ಹೊಂದದು. ಆದರೆ ಇಲ್ಲಿ ಕೇಳಲೇಬೇಕಾದ ಪ್ರಶ್ನೆಗಳು ಎರಡಿವೆ. ಈ ಬಂದರದಿಂದ ಸಾಗುವ ಸರಕು ನಮ್ಮ ನಿತ್ಯದ ದುಡಿಮೆಯಿಂದ ಹುಟ್ಟಿದುದೋ, ಪರದೇಶದ ಕ್ಷಣಿಕವಾದ ಕೊರತೆಯಿಂದ ಹುಟ್ಟಿದುದೋ? ನಾಳೆ ಆ ಕೊರತೆಯು ತೀರಿದರೆ ದಂಡೆಯ ಮೇಲೆ ಉಳಿಯುವುದೇನು, ಉಳಿಯುವವರು ಯಾರು?

ಕಿನ್ನರ-ಕಡವಾಡಗಳ ಕಡೆಯ ಭತ್ತದ ಗದ್ದೆ, ಘಟ್ಟದ ಅಡಿಕೆ-ಮೆಣಸಿನ ತೋಟ, ದಂಡೆಯ ಬೆಸ್ತನ ಬಲೆ ಇವು ಯಾರನ್ನೂ ಒಂದೇ ವರ್ಷದಲ್ಲಿ ಲಕ್ಷಾಧೀಶರನ್ನಾಗಿ ಮಾಡಲಿಲ್ಲ. ಆದರೆ ಕೋರ್ಟೀನನ ಕೋಠಿಯು ಹೋದ ಮೇಲೆಯೂ, ಮ್ಯಾಂಚೆಸ್ಟರಿನ ಯಂತ್ರಗಳು ಹೋದ ಮೇಲೆಯೂ, ಅದಿರಿನ ಲಾರಿಗಳು ಹೋದ ಮೇಲೆಯೂ ಈ ತೀರದ ಮನೆಗಳಲ್ಲಿ ಒಲೆ ಉರಿದುದು ಇವುಗಳಿಂದಲೇ. ಹೊಸ ಗಾಳಿ ಬೀಸುವಾಗ ತೂರಿಕೊಳ್ಳೋಣ. ಆದರೆ ಕಣದ ರಾಶಿಯನ್ನು ಬೆಳೆಸಿಕೊಟ್ಟ ಗದ್ದೆಯನ್ನು ಮಾತ್ರ ಆ ಗಾಳಿಗೆ ಒತ್ತೆಯಿಡದಿರೋಣ.