ಸಂಘಂ ಶಾಟ್: ಚಾನೆಲ್ ಶುರು ಮಾಡೋರಿಗೆ ನಮ್ಮದೇ ಒಂದು ಚರಿತ್ರೆ



ಈಚೆಗೆ ನಮ್ಮ ಹುಡುಗ್ರು ಹುಡುಗೀರು ಪದೇಪದೇ ಕೇಳೋ ಪ್ರಶ್ನೆ ಒಂದೇ: "ಅಣ್ಣಾ, ಯೂಟ್ಯೂಬ್ ಚಾನೆಲ್ ಮಾಡ್ಬೇಕು, ಯಾವ ಕ್ಯಾಮೆರಾ ತಗೊಳ್ಳೋದು?" ಒಬ್ಬೊಬ್ಬರಿಗೂ ಫೋನಲ್ಲಿ ಹೇಳೋ ಬದಲು ಇಲ್ಲೇ ಬರೀತಿದೀನಿ. ಕ್ಯಾಮೆರಾ ವಿಷಯ ಆಮೇಲೆ ಬರುತ್ತೆ. ಅದಕ್ಕೂ ಮುಂಚೆ ನಮ್ಮವರು ಶುರು ಮಾಡಿದ್ದು ಯಾವಾಗ, ಹೇಗೆ ಅನ್ನೋದು ಗೊತ್ತಿರಬೇಕು.

ಬಾಬಾಸಾಹೇಬರು 'ಮೂಕನಾಯಕ' ಪತ್ರಿಕೆ ಶುರು ಮಾಡಿದ್ದು 1920ರ ಜನವರಿ 31ರಂದು. ಶಾಹು ಮಹಾರಾಜರು 2,500 ರೂಪಾಯಿ ನೆರವು ಕೊಟ್ಟರು. ದುಡ್ಡು ಕೊಡ್ತೀವಿ ಅಂದ್ರೂ ಆ ಪತ್ರಿಕೆಯ ಜಾಹೀರಾತನ್ನು ತಿಲಕರು ಕಟ್ಟಿದ 'ಕೇಸರಿ' ಹಾಕಲಿಲ್ಲ. ಮೂಕನಾಯಕ ಕೆಲವೇ ವರ್ಷಕ್ಕೆ ನಿಂತಿತು. ಬಾಬಾಸಾಹೇಬರು ಬಿಡಲಿಲ್ಲ. 1927ರಲ್ಲಿ 'ಬಹಿಷ್ಕೃತ ಭಾರತ', 1930ರಲ್ಲಿ 'ಜನತಾ', 1956ರಲ್ಲಿ 'ಪ್ರಬುದ್ಧ ಭಾರತ'. ನಾಲ್ಕು ವಿಡಿಯೊ ಹಾಕಿ ವ್ಯೂಸ್ ಬರಲಿಲ್ಲ ಅಂತ ಕೈಚೆಲ್ಲೋರು ಈ ಸಾಲನ್ನು ಇನ್ನೊಂದು ಸಲ ಓದಿ.

ನಮ್ಮಲ್ಲೂ ಹಾಗೇ. 1973ರ ಬೂಸಾ ಪ್ರಕರಣದಲ್ಲಿ ಬಸವಲಿಂಗಪ್ಪನವರ ಮೇಲೆ, ನಮ್ಮ ವಿದ್ಯಾರ್ಥಿಗಳ ಮೇಲೆ ಎಂಥ ದಾಳಿ ನಡೀತು ಅಂತ ಹಿರಿಯರಿಗೆ ಗೊತ್ತು. ಅದೇ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿತು, ಮೈಸೂರಿನಿಂದ 'ಪಂಚಮ' ಪತ್ರಿಕೆ ಬಂತು. ಕೇರಿಗಳಿಗೆ ಸುದ್ದಿ ಮುಟ್ಟಿಸಿದ್ದು ಮಾತ್ರ ಹೆಚ್ಚಾಗಿ ಹಾಡು, ತಮಟೆ, ಕೈಬರಹದ ಪೋಸ್ಟರು. ಆ ಸಭೆಗಳಲ್ಲಿ ಆಡಿದ ಮಾತು, ಹಾಡಿದ ದನಿ ಬಹುಪಾಲು ಯಾವ ರೀಲಲ್ಲೂ ಉಳಿದಿಲ್ಲ.

ಈಗ ವಿಡಿಯೊ ಕಥೆಗೆ ಬರ್ತೀನಿ. ಯೂಟ್ಯೂಬಿಗೆ ಮೊದಲ ವಿಡಿಯೊ ಬಿದ್ದದ್ದು 2005ರ ಏಪ್ರಿಲ್ 23ರಂದು. ಅದರ ಸ್ಥಾಪಕರಲ್ಲಿ ಒಬ್ಬನಾದ ಜಾವೇದ್ ಕರೀಂ ಅಮೆರಿಕದ ಒಂದು ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು ಮಾತಾಡಿದ 19 ಸೆಕೆಂಡಿನ ತುಣುಕು ಅದು. ಅದಕ್ಕೂ ವರ್ಷಗಳ ಮೊದಲೇ ನಮ್ಮ ಬೀದರಿನ ಮಗ್ಗುಲಲ್ಲಿ, ಈಗ ತೆಲಂಗಾಣಕ್ಕೆ ಸೇರಿದ ಜಹೀರಾಬಾದ್ ಸೀಮೆಯಲ್ಲಿ, ದಲಿತ ಹೆಣ್ಣುಮಕ್ಕಳು ವಿಡಿಯೊ ಕ್ಯಾಮೆರಾ ಹಿಡಿದಿದ್ದರು. ಶಾಲೆ ಮೆಟ್ಟಿಲು ಹತ್ತದವರು, ಕೂಲಿ ಮಾಡಿದವರು, ತುಂಡು ಹೊಲದಲ್ಲಿ ಜೋಳ ನವಣೆ ಬೆಳೆದವರು.

ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಅಂತ ಒಂದು ಸಂಸ್ಥೆ. ಅದನ್ನು ಕಟ್ಟಿದವರಲ್ಲಿ ಒಬ್ಬರು ಪಿ.ವಿ. ಸತೀಶ್. ಮೈಸೂರಿನವರು, ಮೊದಲು ದೂರದರ್ಶನದಲ್ಲಿ ಕಾರ್ಯಕ್ರಮ ಮಾಡ್ತಿದ್ದವರು, 2023ರಲ್ಲಿ ತೀರಿಕೊಂಡರು. ಊರೂರಲ್ಲಿ ಹೆಣ್ಣುಮಕ್ಕಳ ಸಂಘಗಳಿದ್ದವು. 90ರ ದಶಕದ ಕೊನೆಗೆ ಆ ಸಂಘದ ಹೆಂಗಸರೇ ವಿಡಿಯೊ ಕಲಿಯೋಕೆ ಕೂತರು. 2001ರಲ್ಲಿ ಅವರದೇ ಕಮ್ಯುನಿಟಿ ಮೀಡಿಯಾ ಟ್ರಸ್ಟ್ ಆಯ್ತು. 2008ರಲ್ಲಿ ಸಂಘಂ ರೇಡಿಯೊ ಶುರುವಾಯ್ತು.

ಕ್ಯಾಮೆರಾ ಕಲಿಯುವಾಗ ಅವರು ಶಾಟ್‌ಗಳಿಗೆ ತಮ್ಮದೇ ಹೆಸರು ಕಟ್ಟಿಕೊಂಡರು. ಸಂಘದಲ್ಲಿ ಎಲ್ಲರೂ ನೆಲದ ಮೇಲೆ ಸಮ ಕೂರ್ತಾರಲ್ಲ, ಹಾಗೆ ಎದುರಿನವರ ಕಣ್ಣಿನ ಮಟ್ಟಕ್ಕೇ ಕ್ಯಾಮೆರಾ ಇಟ್ಟು ತೆಗೆದರೆ ಅದು 'ಸಂಘಂ ಶಾಟ್'. ಮೇಲು ಕೆಳಗಿನ ನೋಟಕ್ಕೆ ಇಟ್ಟದ್ದು 'ಪಟೇಲ್ ಶಾಟ್' ಅಂತ, ಊರ ಜಮೀನ್ದಾರನ ಹೆಸರು.

ನಾನು ಇಲ್ಲಿ ತುಂಬಾ ಹೊತ್ತು ನಿಂತುಬಿಟ್ಟೆ. ಸಿನಿಮಾ ಕಲಿಸೋ ಪುಸ್ತಕದಲ್ಲಿ ಇದಕ್ಕೆ ಲೋ ಆಂಗಲ್, ಹೈ ಆಂಗಲ್ ಅಂತಾರೆ, ಅದು ಬರೀ ಅಳತೆ. ಈ ತಾಯಂದಿರಿಗೆ ಅದು ಅಳತೆ ಅಲ್ಲ. ಜಗಲಿ ಮೇಲೆ ಯಾರು ಕೂರ್ತಾರೆ, ಅಂಗಳದಲ್ಲಿ ಯಾರು ಕೈಕಟ್ಟಿ ನಿಲ್ತಾರೆ ಅನ್ನೋದು ಹುಟ್ಟಿದಾಗಿಂದ ಮೈಗೆ ಗೊತ್ತಿತ್ತು. ಅದಕ್ಕೇ ಕ್ಯಾಮೆರಾನ ಎಲ್ಲಿ ಇಡಬೇಕು ಅನ್ನೋದೇ ಜಾತಿಯ ಪ್ರಶ್ನೆ ಅಂತ ಯಾರೂ ಹೇಳಿಕೊಡದೆ ಅವರಿಗೆ ಹೊಳೀತು. ನಮ್ಮ ಕೇರಿಗೆ ಬರೋ ಟೀವಿಯವರ ವಿಡಿಯೊ ನೋಡಿ. ನೆಲಕ್ಕೆ ಕೂತು ಅಳ್ತಿರೋ ಅಜ್ಜಿ, ನಿಂತುಕೊಂಡು ಬಾಯಿಗೆ ಮೈಕ್ ಹಿಡಿದ ವರದಿಗಾರ. ಇದು ಪಟೇಲ್ ಶಾಟ್ ಅಲ್ದೆ ಇನ್ನೇನು?

ಆ ಹೆಂಗಸರು ಸುಮ್ಮನೆ ಹಬ್ಬ ಹುಣ್ಣಿಮೆ ಚಿತ್ರಿಸಿಕೊಂಡು ಕೂರಲಿಲ್ಲ. ವಾರಂಗಲ್ ಸೀಮೆಗೆ ಹೋಗಿ, ಬಿಟಿ ಹತ್ತಿ ಹಾಕಿ ಸೋತ ರೈತರ ಹೊಲದಲ್ಲಿ ಓಡಾಡಿ, 2003ರಲ್ಲಿ ಸಾಕ್ಷ್ಯಚಿತ್ರ ಮಾಡಿದರು. ದೊಡ್ಡ ಬೀಜ ಕಂಪನಿಯ ಪ್ರಚಾರಕ್ಕೆ ಎದುರಾಗಿ ಅವರ ಹತ್ತಿರ ಇದ್ದದ್ದು ರೈತರ ಮಾತು, ಅಷ್ಟೇ. ಅವರೂ ರೈತರೇ ಆದ್ದರಿಂದ ಏನು ಕೇಳಬೇಕು ಅನ್ನೋದು ಗೊತ್ತಿತ್ತು. ಆ ಚಿತ್ರ ಹೊರದೇಶಗಳಿಗೂ ಹೋಯ್ತು.

ಆಮೇಲಿನದು ನಿಮಗೆ ಗೊತ್ತಿರೋ ಕಾಲ. 2010ರ ನಂತರ ಹೈದರಾಬಾದಿನಿಂದ 'ದಲಿತ್ ಕ್ಯಾಮೆರಾ' ಚಾನೆಲ್ ಬಂತು. ಉತ್ತರಪ್ರದೇಶದ ಚಿತ್ರಕೂಟದಲ್ಲಿ 2002ರಲ್ಲಿ ಹಳ್ಳಿ ಹೆಣ್ಣುಮಕ್ಕಳು ಶುರು ಮಾಡಿದ 'ಖಬರ್ ಲಹರಿಯಾ' ಪತ್ರಿಕೆ ಕಾಗದ ಬಿಟ್ಟು ಮೊಬೈಲ್ ವಿಡಿಯೊಗೆ ಬಂತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯ್ತು, ಕೇರಿಯ ಮನೆಮನೆಗೂ ವಿಡಿಯೊ ಬಂತು.

ಅದೇ 2016ರ ಜುಲೈ 11. ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲೀತಿದ್ದ ನಮ್ಮ ಹುಡುಗರನ್ನು ಗಾಡಿಗೆ ಕಟ್ಟಿ ಬಡಿದರು. ಆ ವಿಡಿಯೊ ಮಾಡಿದ್ದು ಯಾರು? ಬಡಿದವರೇ. ಹಂಚಿದ್ದೂ ಅವರೇ, ಹೆಮ್ಮೆಯಿಂದ. ಹೆದರಲಿ ಅಂತ ಬಿಟ್ಟ ವಿಡಿಯೊ ನೋಡಿ ಜನ ಬೀದಿಗೆ ಬಂದರು. ಸುರೇಂದ್ರನಗರದ ಜಿಲ್ಲಾಧಿಕಾರಿ ಕಚೇರಿ ಮುಂದೆ ಸತ್ತ ದನ ತಂದು ಹಾಕಿದರು. ಹೋರಾಟ ಗೆದ್ದ ಕಥೆ ಅಂತ ಇದನ್ನ ಹೇಳ್ತೀವಿ, ಸರಿಯೇ. ಆದ್ರೆ ಕ್ಯಾಮೆರಾ ಯಾರ ಕೈಯಲ್ಲಿತ್ತು ಅನ್ನೋದನ್ನ ಮರೀಬಾರದು. ನಾವು ಹಿಡಿಯದಿದ್ರೆ ನಮ್ಮ ಬೆನ್ನು ಅವರ ವಿಡಿಯೊದಲ್ಲೇ ಕಾಣೋದು.

ಅದಕ್ಕೇ ಶುರು ಮಾಡೋರಿಗೆ ನಾನು ಹೇಳೋದು ಇಷ್ಟು.

ಕ್ಯಾಮೆರಾ: ಕೈಯಲ್ಲಿರೋ ಫೋನೇ ಸಾಕು. ದುಡ್ಡಿದ್ರೆ ಮೊದಲು ಒಂದು ಕಾಲರ್ ಮೈಕ್ ತಗೊಳ್ಳಿ. ಚಿತ್ರ ಮಸುಕಾದ್ರೂ ಜನ ನೋಡ್ತಾರೆ, ದನಿ ಕೇಳದಿದ್ರೆ ಮುಂದಕ್ಕೆ ತಳ್ತಾರೆ. ಫ್ಯಾನು, ಟೀವಿ ಆಫ್ ಮಾಡಿಸಿ. ಅಜ್ಜಿ ನೆಲದ ಮೇಲೆ ಕೂತಿದ್ರೆ ನೀವೂ ನೆಲಕ್ಕೆ ಕೂತ್ಕೊಳ್ಳಿ.

ದಾಖಲೆ: ಕಚೇರಿಯಲ್ಲಿ ಕಡತ ನೋಡೋ ಕೆಲಸ ನನ್ನದು, ಆ ಬುದ್ಧಿಯಿಂದಲೇ ಹೇಳ್ತೀನಿ. ವಿಡಿಯೊ ಶುರುವಿನಲ್ಲೇ ಊರು, ತಾರೀಕು, ಹೊತ್ತು ಬಾಯಲ್ಲಿ ಹೇಳಿ. ದೌರ್ಜನ್ಯದ ವಿಡಿಯೊ ಆಗಿದ್ರೆ ಮೂಲ ಫೈಲನ್ನ ಕತ್ತರಿಸಬೇಡಿ, ಅಳಿಸಬೇಡಿ, ಫೋನ್ ಮಾರಬೇಡಿ. ವಾಟ್ಸಾಪಿನಲ್ಲಿ ಓಡಾಡಿದ ಪ್ರತಿ ಮೂಲದಷ್ಟು ಗಟ್ಟಿ ಅಲ್ಲ. ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತೆ, ವಕೀಲರನ್ನ ಕೇಳಿ. ಇನ್ನೊಂದು ಮಾತು: ದೌರ್ಜನ್ಯ ತಡೆ ಕಾಯ್ದೆಗೆ 2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ 15ಎ(10) ಅಂತ ಇದೆ. ಈ ಕಾಯ್ದೆಯ ಪ್ರಕರಣಗಳ ನಡಾವಳಿಯನ್ನೇ ವಿಡಿಯೊ ಮಾಡಬೇಕು ಅಂತ ಅದು ಹೇಳುತ್ತೆ. ನಮ್ಮವರೇ ಎಷ್ಟು ಜನ ಕೇಳಿದೀವಿ?

ಮನುಷ್ಯರು: ಇದು ಎಲ್ಲಕ್ಕಿಂತ ದೊಡ್ಡದು. ನೀವು ವಿಡಿಯೊ ಹಾಕಿ ಬಸ್ ಹತ್ತಿ ಬರ್ತೀರಿ. ಅವರು ನಾಳೆ ಅದೇ ಗೌಡ್ರ ಹೊಲಕ್ಕೆ ಕೂಲಿಗೆ ಹೋಗಬೇಕು, ಅದೇ ಅಂಗಡೀಲಿ ಅಕ್ಕಿ ಕೇಳಬೇಕು. ತೆಗೆದದ್ದನ್ನ ಅವರಿಗೇ ತೋರಿಸಿ, "ಹಾಕ್ಲಾ ಅವ್ವ, ಬೇಡ್ವಾ?" ಅಂತ ಕೇಳಿ. ಬೇಡ ಅಂದ್ರೆ ಬೇಡ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಹೆಸರು, ಮುಖ, ಗುರುತು ಸಿಗೋ ಮನೆ ಯಾವುದನ್ನೂ ತೋರಿಸಬೇಡಿ. ಅದು ಕಾನೂನಿನಲ್ಲೂ ಅಪರಾಧ.

ಮೊದಲ ವಿಡಿಯೊ ಯಾವುದು ಅಂತೀರಾ? ಬಿ. ಕೃಷ್ಣಪ್ಪನವರು 1997ರಲ್ಲಿ ಹೋದರು, ಸಿದ್ಧಲಿಂಗಯ್ಯನವರು 2021ರಲ್ಲಿ ಹೋದರು. ಅವರ ಜೊತೆ ಜಾಥಾದಲ್ಲಿ ನಡೆದವರು, ತಮಟೆ ಬಡಿದವರು, ಲಾಠಿ ಏಟು ತಿಂದವರು ಇನ್ನೂ ನಿಮ್ಮ ಕೇರಿಯಲ್ಲೇ ಇದ್ದಾರೆ. ಅವರಿಗೆಲ್ಲ ವಯಸ್ಸಾಗಿದೆ. ಈ ಭಾನುವಾರ ಒಬ್ಬರ ಮನೆಗೆ ಹೋಗಿ, ಅವರ ಎದುರಿಗೆ ಸಮ ಕೂತು, ಫೋನ್ ಆನ್ ಮಾಡಿ ಕೇಳಿ.

ಜೈಭೀಮ್.