ದುಡಿಮೆಯ ಹೊತ್ತು ಮತ್ತು ನಮ್ಮ ಹೊತ್ತು

ಕನ್ನಡದಲ್ಲಿ ‘ಬಟವಾಡೆ’ ಎಂಬ ಮಾತೊಂದಿದೆ. ಕೂಲಿಯನ್ನೋ ಸಂಬಳವನ್ನೋ ಲೆಕ್ಕ ಹಾಕಿ ಕೈಗೆ ಕೊಡುವುದಕ್ಕೆ ಬಟವಾಡೆ ಎನ್ನುತ್ತೇವೆ. ತುಮಕೂರಿನಿಂದ ಬೆಂಗಳೂರಿನ ಕಡೆಗೆ ಹೊರಡುವ ರಸ್ತೆಯಲ್ಲಿ ಬಟವಾಡಿ ಎಂಬ ಬಡಾವಣೆಯಿದೆ. ಆ ಹೆಸರಿನ ಮೂಲ ಏನೇ ಇರಲಿ, ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣವಿರುವ ಆ ಜಾಗಕ್ಕೆ ಅದು ಚೆನ್ನಾಗಿ ಒಪ್ಪುತ್ತದೆ. ಮೂಟೆ ಹೊರುವ ಹಮಾಲಿಗಳು, ಕಾಳು ಹಸನು ಮಾಡುವ ಹೆಂಗಸರು, ಲಾರಿಯ ಚಾಲಕರು, ಗುಮಾಸ್ತರು, ಎಲ್ಲರ ಬದುಕೂ ಬಟವಾಡೆಯ ಸುತ್ತ ತಿರುಗುತ್ತದೆ.

ಹಮಾಲಿ ಎಂಬುದು ಅರಬಿಯಿಂದ ಬಂದ ಮಾತು, ಹೊರುವವನು ಎಂದು ಅರ್ಥ. ನಾವು ದಿನವೂ ಬಳಸುವ ‘ರಜೆ’ಯ ಮೂಲವೂ ಅಲ್ಲಿಯೇ ಇದೆ. ಉರ್ದುವಿನಲ್ಲಿ ‘ರಜಾ’ ಎಂದರೆ ಒಪ್ಪಿಗೆ, ಸಮ್ಮತಿ. ದಣಿ ಒಪ್ಪಿದರೆ ಸಿಗುವುದು ರಜೆ. ‘ಫುರಸತ್ತು’ ಎಂದರೆ ಅವಕಾಶ, ಒದಗಿ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಈ ಮಾತುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಕೂಲಿ ನಮಗೆ ಬರಬೇಕಾದ ಬಾಕಿ, ಆದರೆ ಬಿಡುವು ಇನ್ನೊಬ್ಬರ ಕೃಪೆ. ಬಿಡುವನ್ನು ಕೃಪೆಯಿಂದ ಹಕ್ಕಿಗೆ ತರಲು ಜನ ನೂರೈವತ್ತು ವರ್ಷಗಳಿಂದ ಹೋರಾಡಿದ್ದಾರೆ. ಆ ಹೋರಾಟದ ಕಥೆ ನಮ್ಮ ಊರುಗಳಿಗೂ ಸೇರಿದ್ದು.

ಹಿಂದಿನವರು ನೆಮ್ಮದಿಯಾಗಿದ್ದರು, ಈಗ ಮಾತ್ರ ಬಿಡುವಿಲ್ಲ ಎಂದು ಹೇಳುವವರಿದ್ದಾರೆ. ಅದು ಅರ್ಧ ಸತ್ಯ. ಗಡಿಯಾರ ಬರುವ ಮೊದಲು ಹೊತ್ತನ್ನು ಅಳೆಯುತ್ತಿದ್ದುದು ಸೂರ್ಯ, ಕೋಳಿಯ ಕೂಗು, ಮಸೀದಿಯ ಅಜಾನ್, ಗುಡಿಯ ಗಂಟೆ. ವಾರವನ್ನು ಗುರುತಿಸುತ್ತಿದ್ದುದು ಸಂತೆ. ಗುಬ್ಬಿ, ಕುಣಿಗಲ್ ಸೀಮೆಯ ರೈತನಿಗೆ ಸಂತೆಯೇ ವ್ಯಾಪಾರ, ಸಂತೆಯೇ ಬಿಡುವು, ನೆಂಟರ ಸುದ್ದಿ ಸಿಗುವ ಜಾಗವೂ ಅದೇ. ಸುಗ್ಗಿ ಮುಗಿದ ಮೇಲೆ ಜಾತ್ರೆ, ಉರುಸು, ಬಯಲಾಟ. ಆದರೆ ಇದೇ ಸೀಮೆಯಲ್ಲಿ ಜೀತದಾಳೂ ಇದ್ದ. ಅವನಿಗೆ ಸಂತೆಯೂ ಇಲ್ಲ, ಸುಗ್ಗಿಯ ನಂತರದ ವಿರಾಮವೂ ಇಲ್ಲ. ಜೀತವನ್ನು ನಿಷೇಧಿಸುವ ಕಾನೂನು ಬಂದದ್ದು 1976ರಲ್ಲಿ. ಆದ್ದರಿಂದ ಗಡಿಯಾರವನ್ನು ಮಾತ್ರ ಬೈದು ಪ್ರಯೋಜನವಿಲ್ಲ.

ಗಡಿಯಾರದೊಂದಿಗೆ ಕಾರ್ಖಾನೆ ಬಂತು. ಭಾರತದ ಮೊದಲ ಕಾರ್ಖಾನೆ ಕಾಯಿದೆ 1881ರದು. ಅದು ಏಳರಿಂದ ಹನ್ನೆರಡು ವರ್ಷದ ಮಕ್ಕಳ ದುಡಿಮೆಗೆ ದಿನಕ್ಕೆ 9 ಗಂಟೆಯ ಮಿತಿ ಹಾಕಿತು. ದೊಡ್ಡವರ ದುಡಿಮೆಗೆ ಮಿತಿಯನ್ನೇ ಹಾಕಲಿಲ್ಲ. ಮುಂಬಯಿಯ ಗಿರಣಿಗಳಲ್ಲಿ ಬೆಳಕು ಹರಿದಾಗ ಒಳಗೆ ಹೋದವರು ಕತ್ತಲಾದ ಮೇಲೆ ಹೊರಗೆ ಬರುತ್ತಿದ್ದರು.

1884 ಈ ಕಥೆಯಲ್ಲಿ ನೆನಪಿಡಬೇಕಾದ ವರ್ಷ. ಆ ವರ್ಷ ಮುಂಬಯಿಯಲ್ಲಿ, ಜ್ಯೋತಿಬಾ ಫುಲೆಯವರ ಸಂಗಾತಿಯಾಗಿದ್ದ ನಾರಾಯಣ ಮೇಘಾಜಿ ಲೋಖಂಡೆಯವರು ಗಿರಣಿ ಕಾರ್ಮಿಕರನ್ನು ಸಂಘಟಿಸಿ, ಸಾವಿರಾರು ಜನರ ಸಹಿಯೊಂದಿಗೆ ಬೇಡಿಕೆಗಳನ್ನು ಮುಂದಿಟ್ಟರು. ವಾರಕ್ಕೊಂದು ಪೂರ್ತಿ ರಜೆ ಬೇಕು, ಮಧ್ಯಾಹ್ನ ಅರ್ಧ ಗಂಟೆ ಬಿಡುವು ಬೇಕು, ಸೂರ್ಯ ಮುಳುಗಿದಾಗ ಕೆಲಸ ನಿಲ್ಲಬೇಕು, ಸಂಬಳದ ಬಟವಾಡೆ ಮುಂದಿನ ತಿಂಗಳ 15ರೊಳಗೆ ಆಗಬೇಕು. ಬಟವಾಡೆ ಮತ್ತು ಬಿಡುವು ಎರಡೂ ಒಂದೇ ಅರ್ಜಿಯಲ್ಲಿದ್ದವು. ಅದೇ 1884ರಲ್ಲಿ ಬೆಂಗಳೂರಿನಲ್ಲಿ, ಮುಂದೆ ಬಿನ್ನಿ ಮಿಲ್ ಎಂದು ಹೆಸರಾದ ಉಣ್ಣೆ, ಹತ್ತಿ, ರೇಷ್ಮೆಯ ಗಿರಣಿ ಶುರುವಾಯಿತು. ಅದೇ 1884ರಲ್ಲಿ ನಮ್ಮ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿತು. ಒಂದು ಊರಿನಲ್ಲಿ ಬಿಡುವಿಗಾಗಿ ಅರ್ಜಿ, ಇನ್ನೊಂದು ಊರಿನಲ್ಲಿ ಹೊತ್ತನ್ನು ಕೊಳ್ಳುವ ಗಿರಣಿ, ಮತ್ತೊಂದು ಊರಿನಲ್ಲಿ ಬಿಡುವಿನ ಹೊತ್ತನ್ನು ಚೆಂದಗಾಣಿಸುವ ನಾಟಕ. ಮೂರೂ ಬೇರೆ ಬೇರೆ ಎಂದು ಕಾಣುತ್ತವೆ. ಆದರೆ ದುಡಿದು ಬಂದವನಿಗೆ ರಾತ್ರಿಯಾದರೂ ಸ್ವಂತದ್ದಾಗಿ ಉಳಿಯದಿದ್ದರೆ ನಾಟಕವನ್ನು ನೋಡುವವರು ಯಾರು?

1890ರ ಏಪ್ರಿಲ್ 24ರಂದು ಮುಂಬಯಿಯಲ್ಲಿ ಸುಮಾರು ಹತ್ತು ಸಾವಿರ ಕಾರ್ಮಿಕರು ಸಭೆ ಸೇರಿದರು. ಅಲ್ಲಿ ಇಬ್ಬರು ಹೆಂಗಸರೂ ಎದ್ದು ಮಾತಾಡಿದರು. ಜೂನ್ 10ರಂದು ಗಿರಣಿ ಮಾಲೀಕರ ಸಂಘ ಭಾನುವಾರದ ರಜೆಗೆ ಒಪ್ಪಿತು. ಮರುವರ್ಷ 1891ರ ಕಾಯಿದೆ ವಾರದ ರಜೆಯನ್ನು ಕಾನೂನು ಮಾಡಿತು, ಹೆಂಗಸರ ದುಡಿಮೆಗೆ 11 ಗಂಟೆಯ ಮಿತಿ ಹಾಕಿತು. ನಾವು ಭಾನುವಾರದ ರಜೆಯನ್ನು ಇಂಗ್ಲಿಷರ ಇಗರ್ಜಿಯ ಕೊಡುಗೆ ಎಂದು ತಿಳಿದಿದ್ದೇವೆ. ಗಿರಣಿಯ ಮಟ್ಟಿಗೆ ಅದು ಕಾರ್ಮಿಕರು ಕೇಳಿ ಪಡೆದದ್ದು. ಭಾನುವಾರ ಖಂಡೋಬನ ವಾರ ಎಂಬುದೂ ಅವರ ವಾದಗಳಲ್ಲೊಂದಾಗಿತ್ತು.

ಶುಕ್ರವಾರದ ಬಗ್ಗೆಯೂ ಒಂದು ಮಾತು ಹೇಳಬೇಕು. ಜುಮಾ ಎಂದರೆ ದಿನವಿಡೀ ಕೆಲಸ ಬಿಡುವ ದಿನ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ನಮಾಜಿನ ಹೊತ್ತಿಗೆ ವ್ಯಾಪಾರ ನಿಲ್ಲಿಸಬೇಕು, ಮುಗಿದ ಮೇಲೆ ಮತ್ತೆ ದುಡಿಮೆಗೆ ಚದುರಬಹುದು ಎಂಬುದೇ ಅಲ್ಲಿನ ಕ್ರಮ. ಅಂದರೆ ದುಡಿಮೆ ಪಾಪವಲ್ಲ, ಆದರೆ ಅದನ್ನು ನಿಲ್ಲಿಸುವ ಒಂದು ಗೆರೆ ಇರಲೇಬೇಕು. ದಿನದ ಐದು ಹೊತ್ತಿನ ಕರೆಯೂ ಇಂತಹ ಗೆರೆಯೇ. ಗೆರೆ ಎಳೆಯುವ ಅಧಿಕಾರ ಯಾರದು ಎಂಬುದರ ಮೇಲೆಯೇ ಮುಂದಿನ ಜಗಳವೆಲ್ಲ ನಡೆದದ್ದು.

ಸೂರ್ಯಾಸ್ತದ ಗೆರೆಯನ್ನು ವಿದ್ಯುತ್ತು ಅಳಿಸಿಹಾಕಿತು. ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಉರಿಯಿತು. ನಾವು ಇವನ್ನು ಹೆಮ್ಮೆಯಿಂದ ಓದುತ್ತೇವೆ, ಓದಬೇಕು ಕೂಡ. ಆದರೆ ಅದೇ ಸುಮಾರಿಗೆ ಮುಂಬಯಿಯ ಗಿರಣಿಗಳು ವಿದ್ಯುದ್ದೀಪದ ಬಲದಿಂದ ದಿನದ ದುಡಿಮೆಯನ್ನು ಎಳೆದು ಉದ್ದ ಮಾಡಿದವು. ಆ ಗಲಾಟೆಯ ಫಲವಾಗಿಯೇ 1911ರ ಕಾಯಿದೆ ಬಂದು, ಬಟ್ಟೆ ಗಿರಣಿಯ ಗಂಡಸರಿಗೂ ಮೊದಲ ಬಾರಿಗೆ ದಿನಕ್ಕೆ 12 ಗಂಟೆಯ ಮಿತಿ ಹಾಕಿತು. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೊಟ್ಟಮೊದಲ ಒಪ್ಪಂದವೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಸಾರಿತು. ಭಾರತಕ್ಕೆ ಮಾತ್ರ ಬೇರೆ ಲೆಕ್ಕ, ವಾರಕ್ಕೆ 60! 1922ರ ಕಾಯಿದೆ ಅದನ್ನೇ ಪಾಲಿಸಿತು. 1934ರಲ್ಲಿ ಅದು 54ಕ್ಕೆ ಇಳಿಯಿತು. ಡಾ. ಅಂಬೇಡ್ಕರರು ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ ತಂದ ತಿದ್ದುಪಡಿಯಿಂದ 1946ರಲ್ಲಿ 48ಕ್ಕೆ ಬಂತು. 1948ರ ಕಾರ್ಖಾನೆ ಕಾಯಿದೆ ಅದನ್ನು ಭದ್ರಪಡಿಸಿತು, ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ಕೂಲಿ ಎಂದಿತು. ಹೀಗೆ ಅರುವತ್ತರಿಂದ ನಲವತ್ತೆಂಟಕ್ಕೆ ಇಳಿಯಲು ಕಾಲು ಶತಮಾನ ಹಿಡಿಯಿತು. ಆ ಹನ್ನೆರಡು ಗಂಟೆಗಳನ್ನು ಯಾರೂ ಪುಕ್ಕಟೆ ಕೊಡಲಿಲ್ಲ.

ಈ ಕಾನೂನಿನ ಫಲವನ್ನು ತುಮಕೂರು ಕಂಡಿದೆ. ಎಚ್‌ಎಂಟಿಯವರು ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಬೆಂಗಳೂರಿನಲ್ಲಿ 1961ರಲ್ಲಿ ಕೈಗಡಿಯಾರ ಮಾಡತೊಡಗಿದರು. 1978ರಲ್ಲಿ ತುಮಕೂರಿನಲ್ಲೂ ಅವರ ಕಾರ್ಖಾನೆ ಬಂತು. ಪಾಳಿ ಮುಗಿದರೆ ಮನೆ, ವಾರಕ್ಕೊಂದು ರಜೆ, ವರ್ಷಕ್ಕಿಷ್ಟು ಸಂಬಳಸಹಿತ ರಜೆ. ಇಂತಹ ನೌಕರಿಯ ದೊಡ್ಡ ಗುಣವೆಂದರೆ ಅದಕ್ಕೊಂದು ಕೊನೆ ಇತ್ತು. ಸಂಜೆಯ ಹೊತ್ತು ಮಕ್ಕಳ ಪಾಠಕ್ಕೆ, ಗ್ರಂಥಾಲಯಕ್ಕೆ, ಸಂಘದ ಸಭೆಗೆ, ಸುಮ್ಮನೆ ಕೂರುವುದಕ್ಕೆ ಉಳಿಯುತ್ತಿತ್ತು. ನಾಡಿಗೆಲ್ಲ ಗಡಿಯಾರ ಕಟ್ಟಿಕೊಟ್ಟ ಆ ಕಾರ್ಖಾನೆ 2016ರಲ್ಲಿ ಬಾಗಿಲು ಹಾಕಿತು. ಅದರ ಜಾಗ ಇಸ್ರೋ ಪಾಲಾಯಿತು.

ಈಗ ಇನ್ನೊಂದು ಬದಿಯನ್ನು ನೋಡೋಣ. ಅದೇ ತುಮಕೂರಿನ ಓಣಿಗಳಲ್ಲಿ ಬೀಡಿ ಕಟ್ಟುವ ಹೆಂಗಸರಿದ್ದಾರೆ. ಅವರಲ್ಲಿ ಬಹಳ ಮಂದಿ ನಮ್ಮ ತಾಯಂದಿರು, ಅಕ್ಕತಂಗಿಯರು. ಎಲೆಯನ್ನು ನೆನೆಸಬೇಕು, ಅಳತೆಗೆ ಕತ್ತರಿಸಬೇಕು, ಹೊಗೆಸೊಪ್ಪಿನ ಪುಡಿ ತುಂಬಿ ಸುರುಳಿ ಸುತ್ತಬೇಕು, ದಾರ ಕಟ್ಟಬೇಕು, ತುದಿ ಮಡಿಸಬೇಕು. ಕೂಲಿ ಸಾವಿರಕ್ಕಿಷ್ಟು ಎಂದು. ಗಂಟೆಯ ಮಾತೇ ಇಲ್ಲ. ಒಲೆಯ ಮೇಲೆ ಅನ್ನ, ಮಡಿಲಲ್ಲಿ ಮೊರ. ಶಾಲೆಯಿಂದ ಬಂದ ಹುಡುಗಿ ತುದಿ ಮಡಿಸುತ್ತಾಳೆ. ನೆಂಟರು ಬಂದರೂ ಕೈ ನಿಲ್ಲುವುದಿಲ್ಲ.

1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರಿಗೆಂದೇ ಕಾಯಿದೆ ಬಂತು. ಮನೆಯಲ್ಲಿ ಕಟ್ಟುವವರನ್ನೂ ಅದು ಕಾರ್ಮಿಕರೆಂದು ಒಪ್ಪಿತು. ಆದರೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ ಹಾಕಿದ್ದು ಕೆಲಸದ ಕಟ್ಟಡಗಳಲ್ಲಿ ದುಡಿಯುವವರಿಗೆ ಮಾತ್ರ. ಕೇರಳ ಅದನ್ನು ಜಾರಿ ಮಾಡಲು ಹೊರಟಾಗ ಮಂಗಳೂರಿನ ದೊಡ್ಡ ಬೀಡಿ ಮಾಲೀಕರು 1968ರಲ್ಲಿ ಕಣ್ಣೂರಿನ ಶಾಖೆಗಳನ್ನು ಮುಚ್ಚಿದರು. ಕೆಲಸ ಕಳೆದುಕೊಂಡವರಿಗಾಗಿ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. ಕರ್ನಾಟಕದಲ್ಲಿ ಗುತ್ತಿಗೆದಾರನ ಮೂಲಕ ಮನೆ ಮನೆಗೆ ಎಲೆ ಹಂಚುವ ಪದ್ಧತಿಯೇ ಬಲವಾಗಿ ನಿಂತಿತು.

ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. ಕಣ್ಣೂರಿನ ಬೀಡಿ ಶಾಲೆಗಳಲ್ಲಿ ಒಬ್ಬ ಎಲ್ಲರಿಗೂ ಪತ್ರಿಕೆ ಓದಿ ಹೇಳುತ್ತಿದ್ದ. ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು. ಆ ಗಂಡಸರು ದುಡಿಮೆಯ ಹೊತ್ತಿನೊಳಗೇ ತಮ್ಮ ಹೊತ್ತನ್ನು ಪಡೆದುಕೊಂಡರು. ನಮ್ಮ ಮನೆಗಳಲ್ಲಿ ಆದದ್ದು ತಿರುಗುಮುರುಗು. ಹೆಂಗಸರ ಸ್ವಂತ ಹೊತ್ತಿನೊಳಗೇ ದುಡಿಮೆ ಹೊಕ್ಕಿತು. ಬೇರೆ ಬೇರೆ ಮನೆಗಳಲ್ಲಿ ಒಂಟಿಯಾಗಿ ಕೂತವರು ಓದುಗನನ್ನು ಎಲ್ಲಿಂದ ತರಬೇಕು? ಮನೆದುಡಿಮೆಯವರಿಗೂ ಇತರ ಕಾರ್ಮಿಕರ ಸಮಾನ ಹಕ್ಕು ಬೇಕೆಂದು 1996ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವೊಂದಾಯಿತು. ಭಾರತ ಅದಕ್ಕೆ ಸಹಿ ಹಾಕಿ ಬದ್ಧವಾಗಿಲ್ಲ.

ಮನೆಯೊಳಗಿನ ಲೆಕ್ಕವೂ ಇದೆ. ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಕೇಂದ್ರ ಸರಕಾರ 2019ರಲ್ಲಿ ದೇಶಾದ್ಯಂತ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 299 ನಿಮಿಷ ಅದಕ್ಕೆ ಕೊಟ್ಟರೆ ಗಂಡಸರು ಕೊಟ್ಟದ್ದು 97 ನಿಮಿಷ. ಇಶಾ ನಮಾಜಿನ ನಂತರ ಚಹದಂಗಡಿಯ ಮುಂದೆ ಲೋಕದ ಅನ್ಯಾಯಗಳನ್ನೆಲ್ಲ ಚರ್ಚಿಸುವ ನಾವು ಈ 299 ನಿಮಿಷಗಳ ಬಗ್ಗೆ ಎಂದಾದರೂ ಚರ್ಚಿಸಿದ್ದೇವೆಯೇ? ನಮ್ಮ ಫುರಸತ್ತು ಯಾರ ಹೊತ್ತಿನಿಂದ ಬಂದದ್ದು?

ಇತ್ತೀಚಿನ ವರ್ಷಗಳಲ್ಲಿ ಚರಿತ್ರೆ ಹಿಂದಕ್ಕೆ ನಡೆಯುತ್ತಿರುವಂತೆ ಕಾಣುತ್ತದೆ. ಕೊರೋನಾ ಕಾಲದಲ್ಲಿ, 2020ರ ಮೇ ತಿಂಗಳಲ್ಲಿ ಕರ್ನಾಟಕ ಸರಕಾರ ಕಾರ್ಖಾನೆಗಳಿಗೆ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಗಳ ಅನುಮತಿ ಕೊಟ್ಟಿತು. 1922ರ ಅದೇ ಅರುವತ್ತು! ಹೈಕೋರ್ಟಿನಲ್ಲಿ ಪ್ರಶ್ನಿಸಿದ ಮೇಲೆ ಜೂನ್‌ನಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. 2023ರ ರಾಜ್ಯದ ತಿದ್ದುಪಡಿ ವಾರಕ್ಕೆ 48ರ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿತು. ಅದೇ ವರ್ಷ ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ನವೆಂಬರ್ 21ರಂದು ಕೇಂದ್ರದ ಕಾರ್ಮಿಕ ಸಂಹಿತೆಗಳು ಜಾರಿಯಾಗಿ, 1948 ಮತ್ತು 1966ರ ಕಾಯಿದೆಗಳ ಸ್ಥಾನವನ್ನು ಅವು ಪಡೆದವು. ಅಲ್ಲಿಯೂ ದಿನಕ್ಕೆ ಎಂಟು ಗಂಟೆ ಎಂದೇ ಬರೆದಿದೆ. ಬರೆದದ್ದು ಉಳಿಯುವುದು ಅದನ್ನು ಕೇಳುವವರು ಇದ್ದರೆ ಮಾತ್ರ.

ತುಮಕೂರಿನಿಂದ ಪೀಣ್ಯಕ್ಕೆ, ಬೆಂಗಳೂರಿಗೆ ಬೆಳಗಿನ ರೈಲು ಹಿಡಿಯುವವರು ಬಹಳ ಮಂದಿ. ರೈಲಿನಲ್ಲಿ ನಿಂತ ಹೊತ್ತು ದುಡಿಮೆಯ ಲೆಕ್ಕಕ್ಕೆ ಸೇರುವುದಿಲ್ಲ, ಬಿಡುವಿನ ಲೆಕ್ಕಕ್ಕೂ ಸೇರುವುದಿಲ್ಲ. ಮನೆಗೆ ಬಂದ ಮೇಲೂ ಮೊಬೈಲ್ ಕರೆಯುತ್ತದೆ. ಕೊರೋನಾ ಬಂದು ಕಚೇರಿಯೇ ಮನೆಗೆ ಹೊಕ್ಕಾಗ ಸಾಫ್ಟ್‌ವೇರ್ ನೌಕರನ ಸ್ಥಿತಿ ಒಂದು ವಿಷಯದಲ್ಲಿ ಬೀಡಿ ಕಟ್ಟುವವಳ ಸ್ಥಿತಿಯಂತಾಯಿತು. ಕೂಲಿಯಲ್ಲಿ ಅಜಗಜಾಂತರ. ಆದರೆ ಕೆಲಸ ಎಲ್ಲಿ ಮುಗಿಯಿತು, ಮನೆ ಎಲ್ಲಿ ಶುರುವಾಯಿತು ಎಂದು ಇಬ್ಬರಿಗೂ ತಿಳಿಯದು. ಫ್ರಾನ್ಸಿನಲ್ಲಿ 2017ರಿಂದ, ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕ ಕಡಿದುಕೊಳ್ಳುವ ಹಕ್ಕಿನ ಬಗ್ಗೆ ದೊಡ್ಡ ಕಂಪನಿಗಳು ನೌಕರರೊಂದಿಗೆ ಮಾತುಕತೆ ನಡೆಸಬೇಕೆಂಬ ಕಾನೂನಿದೆ. ಸಾಫ್ಟ್‌ವೇರಿನವರು ಇಂದು ಕೇಳುತ್ತಿರುವುದನ್ನು ಓಣಿಯ ಹೆಂಗಸರು ಎಂದೋ ಕೇಳಬೇಕಿತ್ತು, ಕೇಳುವಷ್ಟು ಬಿಡುವೂ ಅವರಿಗೆ ಸಿಗಲಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಸಾವಿರ ಬೀಡಿಗೆ ಕೂಲಿ ಗೊತ್ತುಮಾಡುವಾಗ, ಸಾಧಾರಣ ಕೈಯೊಂದು ಎಂಟು ಗಂಟೆಯಲ್ಲಿ ನಿಜವಾಗಿ ಎಷ್ಟು ಕಟ್ಟಬಲ್ಲದು ಎಂದು ಮೊದಲು ಅಳೆಯಬೇಕು. ಆ ಎಂಟು ಗಂಟೆಗೆ ಒಂದು ದಿನದ ಬದುಕು ನಡೆಯುವಷ್ಟು ಕೂಲಿ ಬಂದರೆ ಮಾತ್ರ ಒಂಬತ್ತನೆಯ ಗಂಟೆಯಲ್ಲಿ ಮೊರ ಕೆಳಗಿಡಲು ಸಾಧ್ಯ. ಬಿಡುವಿನ ಪ್ರಶ್ನೆ ಕೊನೆಗೂ ಕೂಲಿಯ ಪ್ರಶ್ನೆಯೇ. ನಮ್ಮ ಜಮಾತುಗಳು, ಸಂಘಗಳು ಮದುವೆ ಮತ್ತು ದಫನಿನ ವ್ಯವಸ್ಥೆ ಮಾಡಿದಷ್ಟೇ ಕಾಳಜಿಯಿಂದ ಈ ಲೆಕ್ಕವನ್ನೂ ಕೇಳಬಹುದು. ಮನೆಯೊಳಗಿನ ಪಾಲನ್ನು ಮಾತ್ರ ಯಾವ ಸರಕಾರವೂ ಹಂಚಿಕೊಡಲಾರದು, ಅದನ್ನು ಗಂಡಸರೇ ಹಂಚಬೇಕು.

ಲೋಖಂಡೆಯವರ ಅರ್ಜಿಯಲ್ಲಿ ಬಟವಾಡೆಯ ಪಕ್ಕದಲ್ಲೇ ಬಿಡುವು ಇತ್ತು. ಹಣವನ್ನು ಹಂಚುವುದನ್ನು ನಾವು ಅಷ್ಟಿಷ್ಟು ಕಲಿತಿದ್ದೇವೆ. ಹೊತ್ತಿನ ಬಟವಾಡೆ ಇನ್ನೂ ಬಾಕಿಯಿದೆ.