ಕಂತೆ, ಬೊಂತೆ, ಕೌದಿ: ರಾಮನಗರ ಸೀಮೆಯ ಹಳೆ ಬಟ್ಟೆಯ ಚರಿತ್ರೆ

ಮಾಗಡಿ ಕಡೆಯಿಂದ ನಮ್ಮ ಮನೆಗೆ ಬಂದು ಅಟ್ಟ ಸೇರಿದ್ದ ಒಂದು ಬೊಂತೆಯ, ಅಂದರೆ ಹಳೆ ಬಟ್ಟೆಗಳನ್ನು ಪದರ ಪದರವಾಗಿ ಹೊಲಿದ ಹೊದಿಕೆಯ, ಮೂಲೆಯನ್ನು ಇಲಿ ಕಡಿದಿತ್ತು. ಈ ಲೇಖನ ಆ ಇಲಿಗೆ ಋಣಿ. ಕಡಿದ ಜಾಗದಲ್ಲಿ ಪದರಗಳು ಪುಸ್ತಕದ ಹಾಳೆಗಳ ಹಾಗೆ ಬಿಚ್ಚಿಕೊಂಡಿದ್ದವು. ಎಲ್ಲಕ್ಕಿಂತ ಮೇಲೆ ಜಾರುವ ನೈಲಾನ್ ಸೀರೆ, ಅದರಡಿ ಸಣ್ಣ ಹೂವಿನ ವಾಯಿಲ್ ಸೀರೆ, ಆಮೇಲೆ ಹಳದಿಗಟ್ಟಿದ ಪಂಚೆ. ನಟ್ಟನಡುವೆ ಒರಟು ನೂಲಿನ ಸೀರೆಯೊಂದು ಅಂಚಿನಲ್ಲಿ ಮಾತ್ರ ಕೆಂಪನ್ನು ಉಳಿಸಿಕೊಂಡು, ಮಿಕ್ಕೆಡೆ ಮಣ್ಣಿನ ಬಣ್ಣಕ್ಕೆ ತಿರುಗಿ ಕೂತಿತ್ತು.

ಬೊಂತೆ ಸವೆದರೆ ಯಾರೂ ಎಸೆಯುವುದಿಲ್ಲ. ಅದರ ಎರಡೂ ಮೈಗೆ ಇನ್ನೊಂದು ಹಳೆ ಸೀರೆ ಹೊದಿಸಿ ಮತ್ತೆ ಹೊಲಿಯುತ್ತಾರೆ. ಉತ್ಖನನದ ಗುಂಡಿಯಲ್ಲಿ ತಳದ್ದು ಹಳತು, ಬೊಂತೆಯಲ್ಲಿ ನಡುವಿನದು. ಮೂರು ತಲೆಮಾರಿನ ಬಟ್ಟೆ ಹೀಗೆ ಒಂದೇ ಹೊದಿಕೆಯಲ್ಲಿ ಸಾಲಾಗಿ ಮಲಗಿರುತ್ತದೆ. ಆದರೂ ಕನ್ನಡನಾಡಿನ ಬಟ್ಟೆಯ ಚರಿತ್ರೆಯಲ್ಲಿ ಬೊಂತೆಗೆ ಜಾಗ ಸಿಕ್ಕಿದ್ದು ಕಡಿಮೆ. ಇಳಕಲ್ ಸೀರೆಗೂ ಮೈಸೂರು ರೇಷ್ಮೆಗೂ ಅಂಗಡಿ ಇತ್ತು, ಲೆಕ್ಕದ ಪುಸ್ತಕ ಇತ್ತು. ಬೊಂತೆಯನ್ನು ಯಾರೂ ಮಾರಲಿಲ್ಲ, ಯಾರೂ ಅದಕ್ಕೆ ಸುಂಕ ಕಟ್ಟಲಿಲ್ಲ. ಅದು ಕೊನೆಗೆ ದನದ ಕೊಟ್ಟಿಗೆಯ ಹಾಸಾಗಿ, ಒಲೆಯ ಬಳಿಯ ಮಸಿಬಟ್ಟೆಯಾಗಿ, ಬೂದಿಯಾಗಿ ಮುಗಿಯುತ್ತದೆ. ಹಳೆಯ ಮಾದರಿ ಉಳಿಯದ ವಸ್ತುವಿನ ಚರಿತ್ರೆಯನ್ನು ಮಾತಿನಿಂದ, ಕೆಲಸದ ಕ್ರಮದಿಂದ, ಬಟ್ಟೆಯ ಬೆಲೆಯ ಕತೆಯಿಂದ ಕಟ್ಟಬೇಕು.

ಮೊದಲು ಮಾತು. 'ಕಂತೆ' ಸಂಸ್ಕೃತದ ಕಂಥಾದಿಂದ ಬಂದದ್ದು. ಬಂಗಾಳದ ಕಾಂಥಾ ಕಸೂತಿಯ ಹೆಸರೂ ಅಲ್ಲಿಯದೇ. ನಾಥ ಜೋಗಿಗಳು ತೊಡುತ್ತಿದ್ದ ತೇಪೆಯ ಉಡುಗೆಯೂ ಕಂಥೆಯೇ. 'ಬೊಂತೆ' ಕನ್ನಡ, ತೆಲುಗು ಎರಡರಲ್ಲೂ ಇದೆ. ಹನ್ನೆರಡನೇ ಶತಮಾನದ ಶರಣೆ ಬೊಂತಾದೇವಿಯ ಹೆಸರೇ ಈ ಮಾತಿನ ಹಳಮೆಗೆ ಸಾಕ್ಷಿ. ಆಕೆ ಕಾಶ್ಮೀರದ ನಿಜದೇವಿ, ಮೋಳಿಗೆಯ ಮಾರಯ್ಯನ ತಂಗಿ; ಉಟ್ಟ ಬಟ್ಟೆಯ ಹಂಗನ್ನೂ ತೊರೆದು ಕಲ್ಯಾಣದ ಕಡೆ ಹೊರಟವಳಿಗೆ ಶಿವನೇ ಬೊಂತೆಯೊಂದನ್ನು ಕೊಟ್ಟನೆಂದು ಕತೆ. ಆಕೆಯ ವಚನಗಳ ಅಂಕಿತ 'ಬಿಡಾಡಿ'. ಕತೆಯ ಐತಿಹಾಸಿಕತೆ ಇಲ್ಲಿ ನಮಗೆ ಮುಖ್ಯವಲ್ಲ. ದೇವರು ಕೊಟ್ಟದ್ದು ಪಟ್ಟೆ ಪೀತಾಂಬರವಲ್ಲ, ಚಿಂದಿ ಸೇರಿಸಿದ ಹೊದಿಕೆ ಎಂದು ಕತೆ ಕಟ್ಟಿದವರಿಗೆ ತೋಚಿತಲ್ಲ, ಅದು ಮುಖ್ಯ. ಕಡುಬಡವರ ಕಟ್ಟಕಡೆಯ ಬಟ್ಟೆ ಯಾವುದೆಂದು ಅವರಿಗೆ ಗೊತ್ತಿತ್ತು.

'ಕಂತೆಗೆ ತಕ್ಕ ಬೊಂತೆ' ಎಂಬ ಗಾದೆಯನ್ನು ಇಂದು ಸಂಬಂಧ ಕುದುರಿದ ಮನೆಗಳನ್ನು ಆಡಿಕೊಳ್ಳಲು ಬಳಸುತ್ತೇವೆ. ಸತ್ತವನನ್ನು 'ಕಂತೆ ಒಗೆದ' ಎನ್ನುವುದೂ ಉಂಟು. ಅಲ್ಲಿ ದೇಹವೇ ತೇಪೆ ಹಾಕಿದ ಹಳೆ ಬಟ್ಟೆ. ಉತ್ತರ ಕರ್ನಾಟಕದ ಮಾತು ಕೌದಿ. ಹಳೆ ಮೈಸೂರಿನಲ್ಲಿ ಕೌದಿ, ಬೊಂತೆ ಎರಡೂ ಕೇಳುತ್ತವೆ. ಮರಾಠಿಯಲ್ಲಿ ಇದೇ ವಸ್ತು ಗೋಧಡಿ, ಹಿಂದಿ-ಉರ್ದುವಿನಲ್ಲಿ ಗುದಡಿ.

ಹಳೆ ಬಟ್ಟೆ ಎಲ್ಲರ ಮನೆಯಲ್ಲೂ ಯಾವಾಗಲೂ ಇತ್ತೆಂದು ನಾವು ತಿಳಿದಿರುತ್ತೇವೆ. ಅದು ತಪ್ಪು. ಒಂದು ಸೀರೆ ಆರು ಗಜ, ಅಂದರೆ ಸುಮಾರು ಐದೂವರೆ ಮೀಟರ್ ಉದ್ದ, ಒಂದು ಮೀಟರಿಗೆ ತುಸು ಹೆಚ್ಚು ಅಗಲ. ಅದನ್ನು ಮೂರು ಮಡಿಕೆ ಮಾಡಿದರೆ ಒಬ್ಬರು ಮಲಗುವಷ್ಟು ಉದ್ದದ ಮೂರು ಪದರ ಸಿಗುತ್ತದೆ. ಚಳಿ ತಡೆಯಲು ಆರೇಳು ಪದರವಾದರೂ ಬೇಕು. ಒಂದು ಬೊಂತೆಗೆ ಎರಡು ಮೂರು ಸೀರೆ ಎಂದಾಯಿತು. ಉಡಲಿಕ್ಕೆ ಒಂದು, ಒಗೆಯಲಿಕ್ಕೆ ಒಂದು ಎಂದು ಎರಡೇ ಸೀರೆ ಇದ್ದ ಹೆಂಗಸು ಇದನ್ನು ಎಲ್ಲಿಂದ ತರಬೇಕು? ಅಂಥ ಮನೆಗಳಲ್ಲಿ ಹಾಸಲು ಈಚಲು ಚಾಪೆ, ಗೋಣಿತಾಟು. ಹೊದೆಯಲು ಕುರುಬರು ನೇಯ್ದ ಕಂಬಳಿ. ಬೊಂತೆ ಬಡತನದ ಗುರುತು ಎನ್ನುವುದು ಅರ್ಧ ನಿಜ. ಹರಿದ ಬಟ್ಟೆ ಕೂಡಿಡುವಷ್ಟು ಬಟ್ಟೆ ಇದ್ದ ಬಡತನ ಅದು.

ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಚನ್ನಪಟ್ಟಣದಲ್ಲಿ ಸುತ್ತಾಡಿ ಅಲ್ಲಿನ ಉಕ್ಕಿನ ತಂತಿ, ಗಾಜು, ಸಕ್ಕರೆಯನ್ನು ಬರೆದುಕೊಂಡ. ಆತ ಈಸ್ಟ್ ಇಂಡಿಯಾ ಕಂಪನಿಯ ಕಣ್ಣಿನವನು, ಮಾರಲಿಕ್ಕಾಗುವುದು ಆ ಕಣ್ಣಿಗೆ ಬೇಗ ಬಿತ್ತು. ಹಾಗಾದರೆ ಬಡವರ ಮನೆಯಲ್ಲೂ ಹಳೆ ಬಟ್ಟೆ ಕೂಡಿದ್ದು ಯಾವಾಗ? ಈ ಸೀಮೆಗೆ ಅಗ್ಗದ ಗಿರಣಿ ಬಟ್ಟೆ ಧಾರಾಳವಾಗಿ ಇಳಿಯಲು ರೈಲು ಬರಬೇಕಾಯಿತು. 1876-78ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಲಕ್ಷಾಂತರ ಜನ ಸತ್ತರು. ಬದುಕಿದವರಿಗೆ ಕೂಲಿ ಕೊಡಲು ಹಮ್ಮಿಕೊಂಡ ಕಾಮಗಾರಿಗಳಲ್ಲಿ ಬೆಂಗಳೂರು-ಮೈಸೂರು ರೈಲುಮಾರ್ಗ ಒಂದು. 1880ರ ದಶಕದ ಆರಂಭದಲ್ಲಿ ಅದು ಮುಗಿದಾಗ ಇಂದಿನ ರಾಮನಗರವಾದ ಕ್ಲೋಸ್‌ಪೇಟೆಯೂ ಚನ್ನಪಟ್ಟಣವೂ ಹಳಿಯ ಮೇಲಿನ ಊರುಗಳಾದವು. ಮಾಗಡಿ, ಕನಕಪುರ ಪಕ್ಕಕ್ಕೆ ಉಳಿದವು. ಅದೇ ದಶಕದಲ್ಲಿ ಬೆಂಗಳೂರಿನಲ್ಲಿ ಮುಂದೆ ಬಿನ್ನಿ ಎಂದು ಹೆಸರಾದ ಗಿರಣಿ ಶುರುವಾಯಿತು. ಗಿರಣಿಯ ತೆಳು ಬಟ್ಟೆ ಬೇಗ ಸವೆಯುತ್ತದೆ, ಬೇಗ ಮೆತ್ತಗಾಗುತ್ತದೆ. ಬೊಂತೆಗೆ ಬೇಕಾದದ್ದು ಅದೇ ಗುಣ. ನಾವು ಅನಾದಿ ಎಂದುಕೊಂಡಿರುವ ಈ ಸೀಮೆಯ ಮನೆಮನೆಯ ಬೊಂತೆ ಬಹುಮಟ್ಟಿಗೆ ರೈಲು ಬಂದ ಮೇಲಿನದು ಎಂಬುದು ನನ್ನ ತೀರ್ಮಾನ. 1943ರಲ್ಲಿ ಸರ್ಕಾರ ಬಟ್ಟೆ, ನೂಲುಗಳ ಮೇಲೆ ನಿಯಂತ್ರಣ ಹೇರಿ ಬಟ್ಟೆ ಪಡಿತರವಾದಾಗ ಒಂದೊಂದು ತುಂಡಿಗೂ ಬೆಲೆ ಬಂತು.

ಇನ್ನು ಕೆಲಸ. ನೆಲದ ಮೇಲೆ ತಳದ ಸೀರೆಯನ್ನು ಸುಕ್ಕಿಲ್ಲದೆ ಹಾಸಿ, ಮೂಲೆಗಳಿಗೆ ಗುಂಡುಕಲ್ಲು ಇಟ್ಟು, ಪದರದ ಮೇಲೆ ಪದರ ಹರಡುತ್ತಾರೆ. ಹರಿದ ಕಡೆ ತೇಪೆ. ಮೊದಲು ದೂರದೂರ ನಾಲ್ಕು ಸಾಲು ಹಾಕಿ ಪದರಗಳನ್ನು ಕಟ್ಟಿಹಾಕಿ, ಆಮೇಲೆ ದಪ್ಪ ಸೂಜಿಯಲ್ಲಿ ಮೇಲೊಂದು ಕೆಳಗೊಂದು ಬರುವ ನೇರ ಹೊಲಿಗೆ. ಒಂದು ಬೆರಳಗಲಕ್ಕೆ ಒಂದು ಸಾಲು ಎಂದಿಟ್ಟುಕೊಂಡರೆ ಒಂದು ಸೀರೆಯಗಲದ ಬೊಂತೆಗೆ ಸುಮಾರು 57 ಸಾಲು, 100 ಮೀಟರಿಗೂ ಮಿಕ್ಕಿದ ದಾರ. ಸೆಂಟಿಮೀಟರಿಗೆ ಒಂದು ಚುಚ್ಚು ಎಂದರೂ ಸೂಜಿ ಹತ್ತು ಸಾವಿರಕ್ಕೂ ಹೆಚ್ಚು ಸಲ ಬಟ್ಟೆ ಹಾಯಬೇಕು. ನಮ್ಮ ಅಟ್ಟದ ಬೊಂತೆಯಲ್ಲಿ ಸಾಲುಗಳು ಒಂದು ತುದಿಯಲ್ಲಿ ಒತ್ತಾಗಿದ್ದು ಇನ್ನೊಂದು ತುದಿಗೆ ಹೋಗುತ್ತ ಬಿಡಿಬಿಡಿಯಾಗುತ್ತವೆ. ಹೊಲಿದಾಕೆಗೆ ಬೇಜಾರಾಯಿತೋ, ಮಳೆ ಬಂತೋ, ದಾರ ಮುಗಿಯಿತೋ!

ಅಮೆರಿಕದ ಕ್ವಿಲ್ಟ್‌ಗಳ ಬಗ್ಗೆ ಓದಿದವರು ಇಲ್ಲಿ ಚೌಕಗಳನ್ನು ಹುಡುಕಿ ನಿರಾಶರಾಗುತ್ತಾರೆ. ಅಲ್ಲಿ ತುಂಡು ಜೋಡಿಸಿ ಒಂದೊಂದೇ ಚೌಕ ಮಾಡಿ, ಚೌಕಗಳನ್ನು ಕೂಡಿಸಿ ಮೇಲ್ಮೈ ಕಟ್ಟುತ್ತಾರೆ. ನಮ್ಮ ಬೊಂತೆಯ ಘಟಕ ಚೌಕವಲ್ಲ, ಪದರ. ಹಾಗೆಂದು ಚೌಕದ ಜೋಡಣೆ ಭಾರತಕ್ಕೆ ಹೊಸದೇನಲ್ಲ: ಬುದ್ಧನ ಮಾತಿನಂತೆ ಶಿಷ್ಯ ಆನಂದನು ಮಗಧದ ಗದ್ದೆಗಳ ಬದುಗಳನ್ನು ನೋಡಿ ಭಿಕ್ಷುಗಳ ಉಡುಗೆಯಾದ ಚೀವರದ ವಿನ್ಯಾಸ ಮಾಡಿದನೆಂದು ವಿನಯಪಿಟಕ ಹೇಳುತ್ತದೆ.

ಕನ್ನಡನಾಡಿನಲ್ಲೇ ನಮ್ಮ ಬೊಂತೆಗಿಂತ ಬೇರೆಯಾದ ದಾರಿ ಉತ್ತರ ಕನ್ನಡದ ಸಿದ್ದಿ ಹೆಂಗಸರದು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನಲ್ಲಿರುವ ಈ ಆಫ್ರಿಕಾ ಮೂಲದವರು ತಮ್ಮ ಹೊದಿಕೆಯನ್ನು ಕವಂದಿ ಎನ್ನುತ್ತಾರೆ. ಹಾಸಿದ ಸೀರೆಯ ಒಂದು ಮೂಲೆಯಿಂದ ಹೊಲಿಗೆ ಹೊರಟು, ಅಂಚಿನಗುಂಟ ಸುತ್ತುತ್ತ, ತುಂಡಿನ ಪಕ್ಕ ತುಂಡು ಸೇರಿಸುತ್ತ ನಡುವಿಗೆ ಬಂದು ಮುಗಿಯುತ್ತದೆ. ಕೊನೆಗೆ ನಾಲ್ಕು ಮೂಲೆಗೂ ಮಡಿಚಿದ ಬಟ್ಟೆಯ ಪುಟ್ಟ ತ್ರಿಕೋನ ಇಡುತ್ತಾರೆ, ಅದು 'ಫುಲಾ', ಹೂವು. ಹೂವಿಲ್ಲದ ಕವಂದಿ ಅವರ ಲೆಕ್ಕದಲ್ಲಿ ಬೆತ್ತಲೆ. ಕ್ರೈಸ್ತ ಸಿದ್ದಿಯರ ಕವಂದಿಯಲ್ಲಿ ಶಿಲುಬೆ, ಮುಸ್ಲಿಮರದರಲ್ಲಿ ಅರ್ಧಚಂದ್ರ ಕಾಣುವುದುಂಟು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳನ್ನು ಅಭ್ಯಾಸ ಮಾಡಿದ ಮೇಲೆ, 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನ ನಡೆಯಿತು. ಇನ್ನು ಉತ್ತರ ಕರ್ನಾಟಕದ ಊರುಗಳಲ್ಲಿ ಗೊಂದಲಿಗ ಸಮುದಾಯದ ಹೆಂಗಸರು ಮನೆಮನೆಗೆ ಬಂದು ಕೌದಿ ಹೊಲಿದುಕೊಡುತ್ತಿದ್ದರು. ಅಲ್ಲಿ ಅದು ಕಸುಬು; ರಾಮನಗರದ ಕಡೆ ಅದು ಮನೆಯವರದೇ ಬಿಡುವಿನ ಕೆಲಸ.

ಆ ಬಿಡುವನ್ನು ಕಿತ್ತುಕೊಂಡದ್ದು ರೇಷ್ಮೆ ಎಂಬುದು ನನ್ನ ವಾದ. ಟಿಪ್ಪುವಿನ ಕಾಲದಲ್ಲಿ ಬೇರೂರಿದ ಬೆಳೆ ಇಪ್ಪತ್ತನೇ ಶತಮಾನದಲ್ಲಿ ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರ ಈ ನಾಲ್ಕೂ ತಾಲ್ಲೂಕುಗಳ ಬದುಕಾಯಿತು. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾಯಿತು. ರಾಗಿ ಕಣ ಮುಗಿದ ಮೇಲೆ ಬೇಸಿಗೆಯಲ್ಲಿ ಕೈ ಖಾಲಿ ಇರುತ್ತಿತ್ತು, ನೆಲ ಒಣಗಿರುತ್ತಿತ್ತು, ಬೊಂತೆಗೆ ಅದೇ ಹಂಗಾಮು. ಹುಳುವಿನ ಮನೆಯಲ್ಲಿ ಅಂಥ ಹಂಗಾಮಿಲ್ಲ. ನೀರಾವರಿಯ ಹಿಪ್ಪುನೇರಳೆ ಇದ್ದರೆ ವರ್ಷಕ್ಕೆ ಐದಾರು ಬೆಳೆ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಹುಳುವಿಗೆ ಹಗಲು ರಾತ್ರಿ ಸೊಪ್ಪು ಹಾಕಿ, ಹಣ್ಣಾದದ್ದನ್ನು ಗೂಡು ಕಟ್ಟಲು ಚಂದ್ರಂಕಿಗೆ ಬಿಡುವ ಹೆಂಗಸು ಹತ್ತು ಸಾವಿರ ಚುಚ್ಚು ಹಾಕುವುದು ಯಾವಾಗ? ಗೂಡು ಮಾರಿದ ದುಡ್ಡಲ್ಲಿ ಸೀರೆಗಳು ಹೆಚ್ಚಾದವು, ಹೊಲಿಯುವ ಹೊತ್ತು ಕಡಿಮೆಯಾಯಿತು.

ಇನ್ನೊಂದು ವಿಚಿತ್ರ. ಚನ್ನಪಟ್ಟಣದಲ್ಲಿ 1930ರ ದಶಕದಲ್ಲಿ ಶುರುವಾದ ಸ್ಪನ್ ಸಿಲ್ಕ್ ಗಿರಣಿ, ನೂಲು ಬಿಚ್ಚಿದ ಮೇಲೆ ಉಳಿಯುವ ರೇಷ್ಮೆಯ ತ್ಯಾಜ್ಯದಿಂದಲೇ ದಾರ ಮಾಡುತ್ತಿತ್ತು. ಬೊಂತೆ ಮನೆಯೊಳಗೆ ಮಾಡಿದ್ದನ್ನೇ ಅದು ಯಂತ್ರದಲ್ಲಿ ಮಾಡಿತು. ಗಿರಣಿಯ ಕತೆ ದಾಖಲೆಯಲ್ಲಿದೆ, ಬೊಂತೆಯದು ಇಲ್ಲ.

1985ರ ಜವಳಿ ನೀತಿಯ ನಂತರ ಪಾಲಿಯೆಸ್ಟರ್ ಅಗ್ಗವಾಯಿತು. ಅದು ಸವೆಯದು, ಬೆವರು ಹೀರದು, ಪದರದಲ್ಲಿ ನಿಲ್ಲದೆ ಜಾರುತ್ತದೆ. ಆಮೇಲೆ ಸೊಲ್ಲಾಪುರದ ಚಾದರ, ಫೋಮಿನ ಹಾಸಿಗೆ, ಬೆಳಿಗ್ಗೆ ಗಾರ್ಮೆಂಟ್ಸ್ ಕಾರ್ಖಾನೆಯ ಬಸ್ಸು. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂತು ಬಂದವರು ಮನೆಯಲ್ಲಿ ಮತ್ತೆ ಸೂಜಿ ಹಿಡಿಯಲಿ ಎಂದು ಬಯಸುವ ಹಕ್ಕು ಸಂಶೋಧಕನಿಗಿಲ್ಲ.

ಆದರೆ ಇರುವುದನ್ನು ದಾಖಲಿಸಲು ಇನ್ನೂ ಹೊತ್ತಿದೆ. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಎಂಬ ಸಂಗ್ರಹಾಲಯ ಇದೇ ರಾಮನಗರದ ಹೆದ್ದಾರಿಯ ಪಕ್ಕದಲ್ಲಿದೆ. ಈ ನಾಲ್ಕು ತಾಲ್ಲೂಕಿನ ಬೊಂತೆಗಳ ಪದರಗಳನ್ನು ಬಿಚ್ಚಿ ಓದುವ ಕೆಲಸಕ್ಕೆ ಅದಕ್ಕಿಂತ ಹತ್ತಿರದ ಮನೆ ಬೇರೆ ಇಲ್ಲ. ಓದುಗರಲ್ಲಿ ಒಂದು ಕೋರಿಕೆ: ನಿಮ್ಮ ಅಟ್ಟದಲ್ಲೂ ಬೊಂತೆ ಇದ್ದರೆ ಎಸೆಯುವ ಮುನ್ನ ಅದರ ಉದ್ದಗಲ ಅಳೆಯಿರಿ, ಪದರ ಎಣಿಸಿ, ಒಂದು ಫೋಟೋ ತೆಗೆಯಿರಿ. ಒಳಗಿರುವ ಸೀರೆ ಯಾರು ಉಟ್ಟಿದ್ದು ಎಂದು ಮನೆಯ ಹಿರಿಯರನ್ನು ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಡಿ.